ನಮ್ಮ ಮನೆತನದಲ್ಲೇ ಇದೆ ಅನ್ನುವ ಕಾಯಿಲೆ: ಹೇಗೆ ಬರುತ್ತದೆ, ನಾವೇನು ಮಾಡಬೇಕು

ಅಪ್ಪನಿಗೆ ಇತ್ತು, ಸೋದರತ್ತೆಗೂ ಇತ್ತು, ಈಗ ಅಣ್ಣನಿಗೆ ಶುರುವಾಗಿದೆ. ನನಗೂ ಬರುತ್ತಾ? ನನ್ನ ಮಕ್ಕಳಿಗೆ? ಈ ಪ್ರಶ್ನೆಯನ್ನು ಯಾರ ಹತ್ತಿರವೂ ಕೇಳಲಾಗದೆ ವರ್ಷಗಟ್ಟಲೆ ಒಳಗೊಳಗೇ ಕೊರಗುವವರು ತುಂಬಾ ಜನ ಇದ್ದಾರೆ. ಕೇಳಿದರೂ ಸರಿಯಾದ ಉತ್ತರ ಸಿಗುವುದು ಕಷ್ಟ. "ನಾಗದೋಷ ಇರಬೇಕು, ಆಶ್ಲೇಷಾ ಬಲಿ ಮಾಡಿಸಿ" ಅಂತ ಒಬ್ಬರು ಹೇಳುತ್ತಾರೆ. "ನಿಮ್ಮದೇನು ಸಂಬಂಧದಲ್ಲಿ ಆದ ಮದುವೆ ಅಲ್ಲವಲ್ಲ, ಮಕ್ಕಳಿಗೆ ಏನೂ ಆಗಲ್ಲ ಬಿಡಿ" ಅಂತ ಇನ್ನೊಬ್ಬರು ಧೈರ್ಯ ತುಂಬುತ್ತಾರೆ. ಈ ಎರಡನೆಯ ಮಾತು ವಿಜ್ಞಾನದ ಹಾಗೆ ಕೇಳಿಸುತ್ತದೆ. ಆದರೆ ಒಂದು ಬಗೆಯ ಕಾಯಿಲೆಗಳ ಮಟ್ಟಿಗೆ ಅದು ಪೂರ್ತಿ ತಪ್ಪು. ಆ ಬಗೆಯೇ ಪ್ರಬಲ ಆನುವಂಶಿಕ ಕಾಯಿಲೆಗಳು, ಡಾಕ್ಟರ್‌ಗಳು ಡಾಮಿನೆಂಟ್ ಅನ್ನುವಂಥವು. ಇವು ಹೇಗೆ ಹುಟ್ಟುತ್ತವೆ, ನಮ್ಮ ಮನೆಯಲ್ಲಿ ಇದೆಯಾ ಅಂತ ಹೇಗೆ ಗುರುತಿಸುವುದು, ಆಮೇಲೆ ಎಲ್ಲಿಗೆ ಹೋಗಬೇಕು ಅನ್ನುವುದನ್ನು ಒಂದೊಂದಾಗಿ ನೋಡೋಣ.

ಶುರುವಿಗೆ ಇಷ್ಟು ಗೊತ್ತಿರಲಿ

ಮೈ ಹೇಗೆ ಬೆಳೆಯಬೇಕು, ಹೇಗೆ ಕೆಲಸ ಮಾಡಬೇಕು ಅಂತ ಜೀವಕೋಶಗಳಿಗೆ ಹೇಳುವ ಸೂಚನೆಗಳೇ ಜೀನ್‌ಗಳು. ನಮ್ಮಲ್ಲಿ ಸುಮಾರು 20,000 ಜೀನ್‌ಗಳಿವೆ. ಹೆಚ್ಚುಕಮ್ಮಿ ಎಲ್ಲದಕ್ಕೂ ಎರಡು ಪ್ರತಿ: ಒಂದು ಅಪ್ಪನಿಂದ ಬಂದದ್ದು, ಒಂದು ಅಮ್ಮನಿಂದ ಬಂದದ್ದು. ಮೈಯಲ್ಲಿ ರಕ್ತ ಸರಿಯಾಗಿ ಆಗದ ಥಲಸ್ಸೇಮಿಯಾದಂಥ ಕಾಯಿಲೆಯಲ್ಲಿ ಎರಡೂ ಪ್ರತಿ ಕೆಟ್ಟಿದ್ದರೆ ಮಾತ್ರ ಮಗುವಿಗೆ ತೊಂದರೆ. ಒಂದೇ ಕೆಟ್ಟಿದ್ದರೆ ಆ ಮನುಷ್ಯ ಆರಾಮಾಗಿ ಬದುಕುತ್ತಾನೆ, ಅವನೊಳಗೆ ಅದು ಇದೆ ಅಂತ ಅವನಿಗೂ ಗೊತ್ತಾಗುವುದಿಲ್ಲ. ಹತ್ತಿರದ ಸಂಬಂಧದ ಮದುವೆಗೆ ಡಾಕ್ಟರ್‌ಗಳು ಬೇಡ ಅನ್ನುವುದು ಈ ಕಾರಣಕ್ಕೆ. ಸೋದರಮಾವ ಮತ್ತು ಸೊಸೆಯ ನಡುವೆ ನಾಲ್ಕರಲ್ಲಿ ಒಂದು ಪಾಲು, ಅತ್ತೆ ಮಗಳು ಮಾವನ ಮಗನ ನಡುವೆ ಎಂಟರಲ್ಲಿ ಒಂದು ಪಾಲು ಜೀನ್‌ಗಳು ಒಂದೇ ಆಗಿರುತ್ತವೆ. ಹಾಗಾಗಿ ಒಂದೇ ಕೆಟ್ಟ ಪ್ರತಿ ಇಬ್ಬರಲ್ಲೂ ಇರುವ ಸಾಧ್ಯತೆ ಜಾಸ್ತಿ.

ಪ್ರಬಲ ಕಾಯಿಲೆಗೆ ಒಂದೇ ಕೆಟ್ಟ ಪ್ರತಿ ಸಾಕು. ಅಪ್ಪ ಅಥವಾ ಅಮ್ಮ, ಇಬ್ಬರಲ್ಲಿ ಯಾರಾದರೂ ಒಬ್ಬರಿಂದ ಬಂದರೆ ಆಯಿತು. ಬೀಗರು ದೂರದ ಊರಿನವರಾಗಿರಲಿ, ಬೇರೆ ಜಾತಿಯವರಾಗಿರಲಿ, ಬೇರೆ ದೇಶದವರೇ ಆಗಿರಲಿ, ಲೆಕ್ಕ ಬದಲಾಗುವುದಿಲ್ಲ.

ಒಂದು ಒಳ್ಳೆಯ ಪ್ರತಿ ಇದ್ದರೂ ಕಾಯಿಲೆ ಯಾಕೆ?

ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಇದು ಅರ್ಥವಾದರೆ ಉಳಿದದ್ದೆಲ್ಲ ಸುಲಭ.

ಕೆಲವು ಕಡೆ ಅರ್ಧ ಕೆಲಸ ಸಾಕಾಗುವುದಿಲ್ಲ. ರಕ್ತದಲ್ಲಿರುವ ಕೆಟ್ಟ ಕೊಲೆಸ್ಟ್ರಾಲ್ ಅನ್ನು, ಅಂದರೆ ಎಲ್‌ಡಿಎಲ್ ಅನ್ನು, ಲಿವರ್ ಒಳಕ್ಕೆ ಎಳೆದುಕೊಳ್ಳಲು ಅದರ ಮೇಲ್ಮೈಯಲ್ಲಿ ಗ್ರಾಹಕಗಳಿವೆ. ಆ ಜೀನ್‌ನ ಒಂದು ಪ್ರತಿ ಕೆಟ್ಟರೆ ಗ್ರಾಹಕಗಳು ಅರ್ಧಕ್ಕೆ ಇಳಿಯುತ್ತವೆ, ಹುಟ್ಟಿದಾಗಿನಿಂದಲೇ ಎಲ್‌ಡಿಎಲ್ ಸುಮಾರು ಎರಡರಷ್ಟು ಇರುತ್ತದೆ. ಇದೇ ಫ್ಯಾಮಿಲಿಯಲ್ ಹೈಪರ್‌ಕೊಲೆಸ್ಟ್ರಾಲೆಮಿಯಾ. ಇದನ್ನು ಬಿಡಿಸಿ ತೋರಿಸಿದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ಇದು ಅಪರೂಪದ ಕಾಯಿಲೆ ಅಂದುಕೊಳ್ಳಬೇಡಿ, ಜಗತ್ತಿನಲ್ಲಿ ಸುಮಾರು 250 ಜನರಲ್ಲಿ ಒಬ್ಬರಿಗೆ ಇದೆ. ತೆಳ್ಳಗಿರುವ, ಎಣ್ಣೆ ತುಪ್ಪ ಮುಟ್ಟದ, ಬೀಡಿ ಸಿಗರೇಟ್ ಇಲ್ಲದ ಮನುಷ್ಯನಿಗೆ ಮೂವತ್ತೆಂಟಕ್ಕೆ ಹಾರ್ಟ್ ಅಟ್ಯಾಕ್ ಆದರೆ, ಅವನ ಅಪ್ಪನೂ ನಲವತ್ತೆರಡಕ್ಕೆ ಹಾಗೇ ಹೋಗಿದ್ದರೆ, ಮೊದಲು ನೆನಪಾಗಬೇಕಾದ್ದು ಇದು.

ಇನ್ನು ಕೆಲವು ಕಡೆ ಕೆಟ್ಟ ಪ್ರತಿ ಸುಮ್ಮನೆ ಕೂರುವುದಿಲ್ಲ, ಒಳ್ಳೆಯದರ ಕೆಲಸವನ್ನೂ ಹಾಳು ಮಾಡುತ್ತದೆ. ನಮ್ಮ ಮೂಳೆಗೆ ಗಟ್ಟಿತನ ಕೊಡುವ ಒಂದನೇ ಬಗೆಯ ಕೊಲಾಜೆನ್ ಮೂರು ಎಳೆ ಹೊಸೆದು ಆಗುವಂಥದ್ದು. ಮೂರರಲ್ಲಿ ಎರಡು ಎಳೆ ಒಂದೇ ಜೀನ್‌ನಿಂದ ಬರುತ್ತವೆ. ಆ ಜೀನ್‌ನ ಎರಡು ಪ್ರತಿಗಳಲ್ಲಿ ಒಂದು ಸೊಟ್ಟ ಎಳೆ ಮಾಡುತ್ತಿದೆ ಅಂದುಕೊಳ್ಳಿ. ಎಳೆಗಳಲ್ಲಿ ಅರ್ಧ ಒಳ್ಳೆಯವು, ಅರ್ಧ ಸೊಟ್ಟ. ಈಗ ಯಾವುದಾದರೂ ಎರಡನ್ನು ಎತ್ತಿಕೊಂಡು ಹೊಸೆಯಿರಿ. ಎರಡೂ ಒಳ್ಳೆಯವೇ ಸಿಗುವುದು ನಾಲ್ಕು ಸಲಕ್ಕೆ ಒಂದು ಸಲ. ಅಂದರೆ ಅರ್ಧ ಎಳೆ ಕೆಟ್ಟಿದ್ದಕ್ಕೆ ಮುಕ್ಕಾಲು ಪಾಲು ಕೊಲಾಜೆನ್ ಕೆಟ್ಟಿತು. ಮಕ್ಕಳ ಮೂಳೆ ಪದೇ ಪದೇ ಮುರಿಯುವ ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾ ತೀವ್ರವಾಗಿ ಬರುವುದು ಸಾಮಾನ್ಯವಾಗಿ ಹೀಗೆ. ಇದರಲ್ಲಿ ವಿಚಿತ್ರ ಅನ್ನಿಸುವ ಸಂಗತಿ ಒಂದಿದೆ. ಅದೇ ಜೀನ್‌ನ ಒಂದು ಪ್ರತಿ ಪೂರ್ತಿ ಸತ್ತುಹೋಗಿ ಎಳೆಯನ್ನೇ ಮಾಡದಿದ್ದರೆ ಕಾಯಿಲೆ ಸೌಮ್ಯವಾಗಿರುತ್ತದೆ. ಕೊಲಾಜೆನ್ ಕಡಿಮೆ ಆಗುತ್ತದೆ, ಆದರೆ ಆದಷ್ಟೂ ಒಳ್ಳೆಯದೇ ಆಗುತ್ತದೆ. ರಿಪೋರ್ಟ್‌ನಲ್ಲಿ ಜೀನ್‌ನ ಹೆಸರು ಒಂದೇ ಇದ್ದರೂ ಒಬ್ಬರ ಕಷ್ಟ ಇನ್ನೊಬ್ಬರ ಹಾಗೆ ಯಾಕಿಲ್ಲ ಅನ್ನುವುದಕ್ಕೆ ಇದೊಂದು ಕಾರಣ. ಹಾಗಾಗಿ ಜೀನ್ ಹೆಸರನ್ನು ಗೂಗಲ್ ಮಾಡಿ ಅಲ್ಲಿ ಸಿಕ್ಕಿದ್ದನ್ನೆಲ್ಲ ನಿಮ್ಮ ಮಗುವಿಗೆ ಅನ್ವಯಿಸಿಕೊಂಡು ರಾತ್ರಿಯೆಲ್ಲ ಅಳಬೇಡಿ.

ಮೂರನೆಯದು, ಕೆಟ್ಟ ಪ್ರತಿಯು ಇಲ್ಲದ ಕೆಲಸವನ್ನು ಶುರುಮಾಡುವುದು, ಅಥವಾ ಇರುವ ಕೆಲಸವನ್ನು ಮಿತಿಮೀರಿ ಮಾಡುವುದು. ಅಕಾಂಡ್ರೋಪ್ಲೇಸಿಯಾ ಅನ್ನುವ ಕುಬ್ಜತೆಯಲ್ಲಿ, ಮೂಳೆ ಬೆಳೆಯುವುದಕ್ಕೆ ಕಡಿವಾಣ ಹಾಕುವ ಒಂದು ಪ್ರೋಟೀನ್ ಬಿಡುವೇ ಇಲ್ಲದೆ ಕೆಲಸ ಮಾಡುತ್ತಿರುತ್ತದೆ. ಪಕ್ಕದಲ್ಲಿ ಒಳ್ಳೆಯ ಪ್ರತಿ ಇದ್ದು ಏನೂ ಪ್ರಯೋಜನ ಆಗುವುದಿಲ್ಲ. ಹಂಟಿಂಗ್ಟನ್ ಕಾಯಿಲೆಯೂ ಈ ಜಾತಿಯದ್ದೇ, ಅಲ್ಲಿ ಉದ್ದವಾದ ಪ್ರೋಟೀನೊಂದು ಮಿದುಳಿನ ಜೀವಕೋಶಗಳನ್ನು ನಿಧಾನಕ್ಕೆ ಕೊಲ್ಲುತ್ತದೆ.

ಕ್ಯಾನ್ಸರ್‌ನ ದಾರಿ ಸ್ವಲ್ಪ ಬೇರೆ. ರೆಟಿನೋಬ್ಲಾಸ್ಟೋಮಾ ಅನ್ನುವ ಮಕ್ಕಳ ಕಣ್ಣಿನ ಕ್ಯಾನ್ಸರ್‌ನ ಆನುವಂಶಿಕ ಬಗೆಯಲ್ಲಿ ಒಂದು ಕೆಟ್ಟ ಪ್ರತಿ ಹುಟ್ಟಿನಿಂದ ಬಂದಿರುತ್ತದೆ, ಇನ್ನೊಂದು ಪ್ರತಿ, ಕಣ್ಣಿನ ಯಾವುದೋ ಜೀವಕೋಶದಲ್ಲಿ ಆಮೇಲೆ ಕೆಡುತ್ತದೆ. ಆಗ ಗೆಡ್ಡೆ ಬೆಳೆಯುತ್ತದೆ. 1971ರಲ್ಲಿ ಆಲ್ಫ್ರೆಡ್ ನುಡ್ಸನ್ ಈ ಎರಡು ಪೆಟ್ಟಿನ ಲೆಕ್ಕವನ್ನು ಮುಂದಿಟ್ಟರು. ಫ್ಲ್ಯಾಶ್ ಹಾಕಿ ತೆಗೆದ ಫೋಟೋದಲ್ಲಿ ಮಗುವಿನ ಒಂದು ಕಣ್ಣಿನ ಪಾಪೆ ಕೆಂಪಗೆ ಕಾಣದೆ ಬೆಳ್ಳಗೆ ಹೊಳೆದರೆ ಅದೇ ವಾರ ಕಣ್ಣಿನ ಡಾಕ್ಟರ್‌ಗೆ ತೋರಿಸಿ. ಬೇಗ ಸಿಕ್ಕಿದರೆ ಮಗುವಿನ ಜೀವವೂ ಉಳಿಯುತ್ತದೆ, ಎಷ್ಟೋ ಸಲ ಕಣ್ಣೂ ಉಳಿಯುತ್ತದೆ.

ಹೆಜ್ಜೆ 1: ಒಂದು ದೊಡ್ಡ ಹಾಳೆ, ಪೆನ್ಸಿಲ್, ಮನೆಯ ಹಿರಿಯರು

ಯಾವ ಟೆಸ್ಟ್‌ಗೂ ದುಡ್ಡು ಕೊಡುವ ಮೊದಲು ವಂಶದ ನಕ್ಷೆ ಬರೆಯಿರಿ. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ. ಕಾಯಿಲೆ ಇದ್ದವರದ್ದನ್ನು ಕಪ್ಪಾಗಿ ತುಂಬಿ. ತೀರಿಹೋದವರ ಮೇಲೆ ಓರೆಗೆರೆ. ಗಂಡಹೆಂಡತಿ ನಡುವೆ ಒಂದು ಗೆರೆ, ಸಂಬಂಧದಲ್ಲೇ ಮದುವೆಯಾಗಿದ್ದರೆ ಎರಡು ಗೆರೆ. ಕಡಿಮೆ ಅಂದರೂ ಮೂರು ತಲೆಮಾರು ಬೇಕು, ಅಪ್ಪನ ಕಡೆಯದೂ ಅಮ್ಮನ ಕಡೆಯದೂ.

ಬರೆಯುವುದು ಸುಲಭ, ಕೇಳುವುದು ಕಷ್ಟ. ನಮ್ಮ ಮನೆಗಳಲ್ಲಿ ಕಾಯಿಲೆಗೆ ಸರಿಯಾದ ಹೆಸರು ಇರುವುದಿಲ್ಲ. "ವಾತ ಆಗಿತ್ತು", "ನರದ ವೀಕ್‌ನೆಸ್", "ಕುಡಿದು ಕುಡಿದು ಹಾಗಾದ", "ತಲೆ ಕೆಟ್ಟಿತ್ತು" ಅನ್ನುತ್ತಾರೆ. ಇವನ್ನೆಲ್ಲ ಹಾಗೆ ಹಾಗೇ ಬರೆದುಕೊಳ್ಳಿ, ಆದರೆ ಅಲ್ಲಿಗೇ ಬಿಡಬೇಡಿ. ಕೈಕಾಲು ತಾನಾಗಿ ಅಲುಗಾಡುತ್ತಿತ್ತಾ? ಎಷ್ಟನೇ ವಯಸ್ಸಿಗೆ ಶುರುವಾಯಿತು? ಕೊನೆಗೆ ಊಟ ನುಂಗಲು ಕಷ್ಟ ಆಗಿತ್ತಾ? ಹಂಟಿಂಗ್ಟನ್ ಇದ್ದವರು ತೂರಾಡುತ್ತಾ ನಡೆಯುತ್ತಾರೆ, ಅದನ್ನು ನೋಡಿ ಜನ ಕುಡುಕ ಅಂತ ಹೆಸರಿಟ್ಟುಬಿಡುತ್ತಾರೆ. ಒಂದು ತೊಟ್ಟೂ ಕುಡಿಯದವರಿಗೂ ಆ ಹೆಸರು ಅಂಟುತ್ತದೆ. ಅದಕ್ಕೇ ವಯಸ್ಸು ಮತ್ತು ಲಕ್ಷಣ ಕೇಳಿ, ಊರವರ ತೀರ್ಮಾನ ಬೇಡ.

ಯಾರನ್ನು ಕೇಳಬೇಕು ಅಂದರೆ, ಮನೆಯಲ್ಲಿ ಎಲ್ಲರ ಹೆರಿಗೆ ಬಾಣಂತನ ನೋಡಿದ ಅಜ್ಜಿ, ದೊಡ್ಡಮ್ಮ, ಸೋದರತ್ತೆ ಇರುತ್ತಾರಲ್ಲ, ಅವರನ್ನು. ಹುಟ್ಟಿ ತೀರಿಹೋದ ಮಕ್ಕಳು, ಗರ್ಭಪಾತ, ದತ್ತು ಕೊಟ್ಟದ್ದು, ಇವೆಲ್ಲ ಅವರಿಗೆ ಮಾತ್ರ ಗೊತ್ತಿರುತ್ತದೆ. ನಾಲ್ಕು ಜನರ ಎದುರು ಕೇಳಬೇಡಿ, ಒಬ್ಬರೇ ಇದ್ದಾಗ ಕೂತು ಕೇಳಿ. ಹಳೆಯ ಮದುವೆ ಆಲ್ಬಮ್ ಕೈಯಲ್ಲಿ ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಎತ್ತರ, ಬೆನ್ನಿನ ಗೂನು, ಉದ್ದನೆಯ ಬೆರಳು, ಇಳಿದ ಕಣ್ಣುರೆಪ್ಪೆ, ಇವೆಲ್ಲ ಫೋಟೋದಲ್ಲಿ ಕಾಣುತ್ತವೆ.

ಹೆಜ್ಜೆ 2: ನಕ್ಷೆಯನ್ನು ಓದುವುದು

ಪ್ರಬಲ ಕಾಯಿಲೆಯ ನಕ್ಷೆಯಲ್ಲಿ ಕಪ್ಪು ಗುರುತು ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುತ್ತದೆ. ಗಂಡಸರು ಹೆಂಗಸರು ಇಬ್ಬರಲ್ಲೂ ಇರುತ್ತದೆ. ಅಪ್ಪನಿಂದ ಮಗನಿಗೆ ಹೋದದ್ದು ಒಂದು ಕಡೆಯಾದರೂ ಇದೆಯಾ ನೋಡಿ. ಜೀನ್‌ಗಳು ಸಾಲಾಗಿ ಕೂತಿರುವ ಎಳೆಗಳಿಗೆ ವರ್ಣತಂತು (ಕ್ರೋಮೋಸೋಮ್) ಅನ್ನುತ್ತಾರೆ, ಅವುಗಳಲ್ಲಿ ಎಕ್ಸ್ ಮತ್ತು ವೈ ಅನ್ನುವವು ಗಂಡು ಹೆಣ್ಣು ನಿರ್ಧರಿಸುವಂಥವು. ಎಕ್ಸ್ ವರ್ಣತಂತುವಿನ ಮೇಲಿನ ಕಾಯಿಲೆ ಅಪ್ಪನಿಂದ ಮಗನಿಗೆ ಹೋಗಲು ಬರುವುದಿಲ್ಲ, ಯಾಕೆಂದರೆ ಅಪ್ಪ ಮಗನಿಗೆ ಕೊಡುವುದು ವೈ. ಹಾಗಾಗಿ ಅಂಥ ಒಂದು ಜೋಡಿ ಕಂಡರೆ ಡಾಕ್ಟರ್‌ಗೆ ದೊಡ್ಡ ಸುಳಿವು ಸಿಕ್ಕ ಹಾಗೆ.

ನಕ್ಷೆ ಎಂಥ ಕೆಲಸ ಮಾಡುತ್ತದೆ ಅನ್ನುವುದಕ್ಕೆ ನಮ್ಮ ಸಾಗರ ತಾಲ್ಲೂಕಿನ ಹಂದಿಗೋಡಿಗಿಂತ ಒಳ್ಳೆಯ ಉದಾಹರಣೆ ಇಲ್ಲ. 1970ರ ದಶಕದಲ್ಲಿ ಅಲ್ಲಿ ಸೊಂಟ, ಮಂಡಿ ನೋವಿನಿಂದ ಜನ ನಡೆಯಲಾಗದೆ ಕೂರುತ್ತಿದ್ದದ್ದು ಹೊರಗೆ ಗೊತ್ತಾಯಿತು. ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಯ ಬೇರೆ ಹಳ್ಳಿಗಳಲ್ಲೂ ಕಂಡಿತು. ಗದ್ದೆಯ ಏಡಿ, ಮೀನು, ಅದರಲ್ಲಿ ಸೇರಿದ ಕೀಟನಾಶಕ ಇರಬಹುದು ಅಂತ ಮೊದಲು ಅನುಮಾನಪಟ್ಟರು. ಕೂಲಿ ಮಾಡಿ ಬದುಕುವ ಬಡವರ ಊಟದ ಮೇಲೆ ಅನುಮಾನ ಹೋಗುವುದು ಸಹಜ. ಆದರೆ ಅದೇ ಗದ್ದೆ, ಅದೇ ನೀರು ಇದ್ದರೂ ಕಾಯಿಲೆ ಕೆಲವು ಮನೆತನಗಳಲ್ಲೇ ಇಳಿದು ಬರುತ್ತಿತ್ತು. ಮನೆಮನೆಯ ವಂಶಾವಳಿ ಹಾಕಿ, ಎಕ್ಸ್‌ರೇ ತೆಗೆದು ನೋಡಿದ ಸಂಶೋಧಕರು 1990ರ ದಶಕದಲ್ಲಿ ಇದು ಪ್ರಬಲ ರೀತಿಯಲ್ಲಿ ಇಳಿದು ಬರುವ ಮೂಳೆ ಮತ್ತು ಕೀಲಿನ ಕಾಯಿಲೆ ಅಂತ ವಿವರಿಸಿದರು. ಆ ಜನ ಇವತ್ತಿಗೂ ನೋವು ತಿನ್ನುತ್ತಿದ್ದಾರೆ ಅನ್ನುವುದನ್ನು ನಾವು ಮರೆಯಬಾರದು.

ಹೆಜ್ಜೆ 3: ಅರ್ಧದ ಲೆಕ್ಕವನ್ನು ಸರಿಯಾಗಿ ಹಾಕುವುದು

ಕಾಯಿಲೆ ಇರುವ ಅಪ್ಪನ ಬಳಿ ಒಂದು ಒಳ್ಳೆಯ ಪ್ರತಿ, ಒಂದು ಕೆಟ್ಟ ಪ್ರತಿ ಇದೆ. ಮಗುವಿಗೆ ಕೊಡುವುದು ಒಂದನ್ನು ಮಾತ್ರ. ಹಾಗಾಗಿ ಪ್ರತಿ ಮಗುವಿಗೂ ಸಾಧ್ಯತೆ 50%. ಪ್ರತಿ ಬಸಿರಿನಲ್ಲೂ ನಾಣ್ಯ ಹೊಸದಾಗಿ ಚಿಮ್ಮಿದ ಹಾಗೆ, ಹಿಂದಿನ ಸಲ ಏನು ಬಿತ್ತು ಅನ್ನುವುದು ಅದಕ್ಕೆ ನೆನಪಿರುವುದಿಲ್ಲ. "ದೊಡ್ಡವನಿಗೆ ಬಂದಿದೆ, ಚಿಕ್ಕವನಿಗೆ ಬರಲ್ಲ" ಅನ್ನುವುದು ಸುಳ್ಳು. "ಮೊದಲ ಇಬ್ಬರೂ ಚೆನ್ನಾಗಿದ್ದಾರೆ, ಮೂರನೆಯದಕ್ಕೆ ಖಂಡಿತ ಬರುತ್ತೆ" ಅನ್ನುವುದೂ ಸುಳ್ಳು. ನಾಲ್ಕು ಮಕ್ಕಳಿದ್ದರೆ ನಾಲ್ವರಿಗೂ ಬರುವ ಸಾಧ್ಯತೆ 16ರಲ್ಲಿ ಒಂದು, ಯಾರಿಗೂ ಬರದಿರುವುದೂ 16ರಲ್ಲಿ ಒಂದು.

ನಿಜವಾಗಿ ಆ ಕೆಟ್ಟ ಪ್ರತಿ ಬರದೇ ಹೋದವರು ಮುಂದಕ್ಕೆ ಅದನ್ನು ಕೊಡಲು ಬರುವುದಿಲ್ಲ. ಅಲ್ಲಿಗೆ ಆ ಕೊಂಬೆಯಲ್ಲಿ ಕಾಯಿಲೆ ಮುಗಿಯಿತು. ಇದು ತುಂಬಾ ದೊಡ್ಡ ಸಮಾಧಾನ, ಆದರೆ ಇದನ್ನು ಹೇಳಬೇಕಾದ್ದು ಟೆಸ್ಟ್. ಕಣ್ಣಿಗೆ ಆರೋಗ್ಯವಾಗಿ ಕಾಣುವುದು ಸಾಕಾಗುವುದಿಲ್ಲ.

ತಾಯಿಯ ಕಡೆಯಿಂದ ಬಂದರೆ ಮಾತ್ರ ಲೆಕ್ಕ ಅನ್ನುವ ತಪ್ಪು ಕಲ್ಪನೆ ಸ್ತನ ಕ್ಯಾನ್ಸರ್ ವಿಷಯದಲ್ಲಿ ತುಂಬಾ ಇದೆ. ಬಿಆರ್‌ಸಿಎ ಜೀನ್‌ಗಳ ದೋಷ ಅಪ್ಪನಿಂದಲೂ ಅಷ್ಟೇ ಸಲೀಸಾಗಿ ಮಗಳಿಗೆ ಬರುತ್ತದೆ. ಅಪ್ಪನ ಅಕ್ಕನಿಗೆ, ಅಪ್ಪನ ಅಮ್ಮನಿಗೆ ಚಿಕ್ಕ ವಯಸ್ಸಲ್ಲೇ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಆಗಿದ್ದರೆ ಅದನ್ನೂ ಹೇಳಲೇಬೇಕು.

ಹೆಜ್ಜೆ 4: ಲೆಕ್ಕ ಕೂಡದಿದ್ದಾಗ

ಎಷ್ಟೋ ಮನೆಗಳ ನಕ್ಷೆ ಪುಸ್ತಕದಲ್ಲಿ ಇದ್ದ ಹಾಗೆ ಇರುವುದಿಲ್ಲ. ಅದಕ್ಕೆ ಕಾರಣಗಳಿವೆ.

ಒಂದು, ಆ ಮನೆಯಲ್ಲಿ ಕಾಯಿಲೆ ಹೊಸದಾಗಿಯೇ ಹುಟ್ಟಿರಬಹುದು. ಅಕಾಂಡ್ರೋಪ್ಲೇಸಿಯಾ ಇರುವ ಮಕ್ಕಳಲ್ಲಿ ಸುಮಾರು 80% ಮಕ್ಕಳ ಅಪ್ಪಅಮ್ಮ ಮಾಮೂಲಿ ಎತ್ತರದವರು. ಮೈಮೇಲೆ ಕಾಫಿ ಬಣ್ಣದ ಮಚ್ಚೆಗಳು, ಆಮೇಲೆ ಮೆತ್ತನೆಯ ಗಂಟುಗಳು ಏಳುವ ನ್ಯೂರೋಫೈಬ್ರೊಮಟೋಸಿಸ್‌ನಲ್ಲಿ ಸುಮಾರು ಅರ್ಧದಷ್ಟು ಹೀಗೆ ಹೊಸದಾಗಿ ಬಂದವು. ಇಂಥ ಮಗು ಹುಟ್ಟಿದಾಗ ಸೊಸೆಯ ಕಾಲ್ಗುಣ, ಅವಳ ತವರಿನ ದೋಷ, ಗ್ರಹಣದಲ್ಲಿ ಹೊರಗೆ ಬಂದಳು ಅಂತ ಮಾತು ಶುರುವಾಗುತ್ತದೆ. ಅಕಾಂಡ್ರೋಪ್ಲೇಸಿಯಾ ಹೊಸದಾಗಿ ಬಂದಿದ್ದರೆ ಆ ಬದಲಾವಣೆ ಹೆಚ್ಚುಕಮ್ಮಿ ಯಾವಾಗಲೂ ಆಗುವುದು ಅಪ್ಪನ ವೀರ್ಯಾಣುವಿನಲ್ಲಿ, ಅಪ್ಪನ ವಯಸ್ಸು ಜಾಸ್ತಿಯಾದಷ್ಟೂ ಸಾಧ್ಯತೆ ಜಾಸ್ತಿ. ಇದನ್ನು ಹೇಳುತ್ತಿರುವುದು ಅಪ್ಪನನ್ನು ದೂರಲಿಕ್ಕಲ್ಲ, ಅವನ ಕೈಯಲ್ಲೂ ಏನೂ ಇರಲಿಲ್ಲ. ಆ ತಾಯಿಯನ್ನು ಇನ್ನಾದರೂ ನೆಮ್ಮದಿಯಾಗಿ ಮಗು ಸಾಕಲು ಬಿಡಿ ಅನ್ನುವುದಕ್ಕೆ. ಇಂಥ ಅಪ್ಪಅಮ್ಮನಿಗೆ ಮುಂದಿನ ಮಗುವಿಗೂ ಅದೇ ಬರುವ ಸಾಧ್ಯತೆ ತೀರಾ ಕಡಿಮೆ, ಸೊನ್ನೆ ಅಲ್ಲ. ಆದರೆ ಆ ಮಗು ದೊಡ್ಡದಾಗಿ ಮದುವೆಯಾದರೆ ಅದರ ಮಕ್ಕಳಿಗೆ ಅದೇ 50%.

ಎರಡು, ಜೀನ್ ಇದ್ದರೂ ಲಕ್ಷಣ ತೋರದೇ ಇರಬಹುದು. ಅಜ್ಜನಿಗೆ ಆರು ಬೆರಳು, ಅಪ್ಪನಿಗೆ ಐದೇ, ಮಗುವಿಗೆ ಮತ್ತೆ ಆರು. ಇದನ್ನು ನಮ್ಮಲ್ಲಿ ಅದೃಷ್ಟ ಅನ್ನುತ್ತಾರೆ, ಇರಲಿ, ಒಳ್ಳೆಯದೇ. ಆದರೆ ಆ ಅಪ್ಪನೊಳಗೂ ಅದು ಇತ್ತು, ಹೊರಗೆ ಕಾಣಲಿಲ್ಲ ಅಷ್ಟೆ.

ಮೂರು, ವಯಸ್ಸು. ಹಂಟಿಂಗ್ಟನ್ ಸಾಮಾನ್ಯವಾಗಿ ಮೂವತ್ತರಿಂದ ಐವತ್ತರ ನಡುವೆ ತೋರಿಸಿಕೊಳ್ಳುತ್ತದೆ. ಅಷ್ಟರಲ್ಲಿ ಮದುವೆ, ಮಕ್ಕಳು ಎಲ್ಲ ಆಗಿರುತ್ತದೆ. ಅಪ್ಪ ಅಪಘಾತದಲ್ಲಿ ಮೂವತ್ತಕ್ಕೇ ಹೋಗಿದ್ದರೆ ನಕ್ಷೆಯಲ್ಲಿ ಅಲ್ಲೊಂದು ಖಾಲಿ ಚೌಕ ಉಳಿಯುತ್ತದೆ. ಆ ಖಾಲಿ ಚೌಕವನ್ನು ಆರೋಗ್ಯ ಅಂತ ಓದಬಾರದು.

ನಾಲ್ಕನೆಯದು ತಲೆಮಾರು ಇಳಿದ ಹಾಗೆ ಕಾಯಿಲೆ ಜೋರಾಗುವುದು. ಒಂದು ಮನೆ ಊಹಿಸಿಕೊಳ್ಳಿ. ಅಜ್ಜನಿಗೆ ಐವತ್ತರೊಳಗೇ ಕಣ್ಣಿನ ಪೊರೆ ಬಂತು, ಆಪರೇಷನ್ ಆಯಿತು, ಮರೆತರು. ಅವರ ಮಗಳಿಗೆ ಮೂವತ್ತರ ಹೊತ್ತಿಗೆ ಬಕೆಟ್ ಹಿಡಿದರೆ ಬೆರಳು ಬಿಚ್ಚುವುದೇ ಇಲ್ಲ, ಚಳಿಗಾಲದಲ್ಲಿ ಇನ್ನೂ ಕಷ್ಟ, ಸ್ವಲ್ಪ ಹೊತ್ತಾದ ಮೇಲೆ ತಾನಾಗಿ ಸಡಿಲವಾಗುತ್ತದೆ. ಸುಸ್ತು ಅಂದುಕೊಂಡಳು. ಅವಳಿಗೆ ಹುಟ್ಟಿದ ಮಗು ಹುಟ್ಟುವಾಗಲೇ ಬಟ್ಟೆಯ ಹಾಗೆ ಮೆತ್ತಗೆ, ಹಾಲು ಚೀಪಲು ಶಕ್ತಿ ಇಲ್ಲ, ಉಸಿರಾಟಕ್ಕೆ ಮೆಷಿನ್ ಬೇಕಾಯಿತು. ಅಜ್ಜ ಹೋದದ್ದು ಕಣ್ಣಿನ ಡಾಕ್ಟರ್ ಹತ್ತಿರ, ಮಗಳು ಮೂಳೆ ಡಾಕ್ಟರ್ ಹತ್ತಿರ, ಮಗು ಮಕ್ಕಳ ಐಸಿಯುಗೆ. ಮೂವರಿಗೂ ಇರುವುದು ಒಂದೇ ಕಾಯಿಲೆ, ಮಯೋಟಾನಿಕ್ ಡಿಸ್ಟ್ರಫಿ. 19ನೇ ವರ್ಣತಂತುವಿನಲ್ಲಿ ಸಿಟಿಜಿ ಅನ್ನುವ ಮೂರಕ್ಷರದ ತುಣುಕು ಪದೇ ಪದೇ ಬರುತ್ತದೆ. ಸಾಮಾನ್ಯರಲ್ಲಿ ಅದು 35ರ ಒಳಗೆ, ಸೌಮ್ಯವಾಗಿ ಇರುವವರಲ್ಲಿ 50ರಿಂದ 150, ಹುಟ್ಟಿನಿಂದಲೇ ತೀವ್ರವಾಗಿರುವ ಮಕ್ಕಳಲ್ಲಿ ಬಹುಪಾಲು 1,000ಕ್ಕೂ ಜಾಸ್ತಿ. ತಾಯಿಯಿಂದ ಬಂದಾಗ ಹೀಗೆ ದೊಡ್ಡ ಜಿಗಿತ ಆಗುವುದು ಹೆಚ್ಚು. ಹಂಟಿಂಗ್ಟನ್‌ನಲ್ಲಿ ತಿರುಗಾಮುರುಗಾ, ಅಪ್ಪನಿಂದ ಬಂದಾಗ ಜಿಗಿತ ಜಾಸ್ತಿ. ಮೂವರನ್ನೂ ಒಂದೇ ಹಾಳೆಯ ಮೇಲೆ ಬರೆಯದಿದ್ದರೆ ಯಾವ ಡಾಕ್ಟರ್‌ಗೂ ಇದು ಹೊಳೆಯುವುದಿಲ್ಲ.

ಸಂಬಂಧದ ಮದುವೆಯ ವಿಷಯ

ಪ್ರಬಲ ಕಾಯಿಲೆ ಇರುವ ಮನೆಯವರು ಹೊರಗೆ ಸಂಬಂಧ ಮಾಡಿದರೂ 50% ಕಮ್ಮಿಯಾಗುವುದಿಲ್ಲ ಅಂತ ಆಗಲೇ ಹೇಳಿದೆ. ಹಾಗಾದರೆ ಒಳಗೇ ಮಾಡಿದರೂ ಏನೂ ವ್ಯತ್ಯಾಸ ಇಲ್ಲವಾ? ಇದೆ, ತುಂಬಾ ಇದೆ.

ಕೊಲೆಸ್ಟ್ರಾಲ್ ಕಾಯಿಲೆ ಇರುವ ಒಂದು ಮನೆತನದಲ್ಲಿ ಸೋದರತ್ತೆಯ ಮಗಳನ್ನು ತಂದುಕೊಂಡರು ಅನ್ನಿ. ಹುಡುಗನಿಗೂ ಅಜ್ಜನಿಂದ ಇಳಿದ ಒಂದು ಕೆಟ್ಟ ಪ್ರತಿ ಬಂದಿದೆ, ಹುಡುಗಿಗೂ ಅದೇ ಬಂದಿದೆ. ಇಬ್ಬರೂ ಇನ್ನೂ ಚಿಕ್ಕವರು, ಆರೋಗ್ಯವಾಗೇ ಇದ್ದಾರೆ. ಇವರ ಪ್ರತಿ ಮಗುವಿಗೂ ಎರಡೂ ಕೆಟ್ಟ ಪ್ರತಿ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅಂಥ ಮಗುವಿನ ಎಲ್‌ಡಿಎಲ್ 500 ದಾಟಬಹುದು. ಮೊಣಕೈ, ಮಂಡಿ, ಹಿಮ್ಮಡಿಯ ಹತ್ತಿರ ಚರ್ಮದ ಕೆಳಗೆ ಹಳದಿ ಗಂಟುಗಳು ಬಾಲ್ಯದಲ್ಲೇ ಏಳುತ್ತವೆ. ಚಿಕಿತ್ಸೆ ಸಿಗದಿದ್ದರೆ ಇಪ್ಪತ್ತರೊಳಗೇ ಹಾರ್ಟ್ ಅಟ್ಯಾಕ್ ಆಗಬಹುದು. ಎಷ್ಟೋ ಸಲ ಮನೆಯವರು ಆ ಗಂಟುಗಳನ್ನು ಚರ್ಮದ ಡಾಕ್ಟರ್‌ಗೆ ತೋರಿಸುತ್ತಾರೆ, ಅಲ್ಲಿಂದಲೇ ಇಡೀ ಮನೆಯ ಕಥೆ ಬಿಚ್ಚಿಕೊಳ್ಳುತ್ತದೆ. ಹಾಗಾಗಿ ಮಾತು ಎರಡು: ಹೊರಗೆ ಮದುವೆಯಾದರೆ ಪ್ರಬಲ ಕಾಯಿಲೆಯಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ, ಒಳಗೇ ಆದರೆ ಅದು ಭೀಕರವಾಗಬಹುದು.

ಹೆಜ್ಜೆ 5: ಟೆಸ್ಟ್ ಯಾರಿಗೆ, ಯಾವುದು

ಮೊದಲು ಟೆಸ್ಟ್ ಮಾಡಿಸಬೇಕಾದ್ದು ಕಾಯಿಲೆ ಇರುವವರಿಗೆ. ಭಯ ಇರುವವರಿಗೆ ಆಮೇಲೆ. ಅಣ್ಣನ ರಕ್ತದಲ್ಲಿ ಯಾವ ಜೀನ್‌ನ ಎಲ್ಲಿ ಬದಲಾವಣೆ ಆಗಿದೆ ಅಂತ ಗೊತ್ತಾದರೆ, ತಂಗಿಯಲ್ಲಿ ಅದೊಂದನ್ನೇ ಹುಡುಕಿದರೆ ಸಾಕು, ಖರ್ಚೂ ಕಮ್ಮಿ, ಉತ್ತರವೂ ಖಚಿತ. ಅಣ್ಣನದ್ದು ಗೊತ್ತಿಲ್ಲದೆ ತಂಗಿಯ ರಿಪೋರ್ಟ್ ನಾರ್ಮಲ್ ಬಂದರೆ ಅದಕ್ಕೆ ಹೆಚ್ಚು ಬೆಲೆ ಇಲ್ಲ.

ಕ್ಯಾರಿಯೋಟೈಪ್ ನಾರ್ಮಲ್ ಇದೆ, ಹಾಗಾಗಿ ಜೆನೆಟಿಕ್ ತೊಂದರೆ ಇಲ್ಲ ಅಂತ ನಂಬಿಕೊಂಡವರು ಬಹಳ. ಅದು ವರ್ಣತಂತುಗಳ ಎಣಿಕೆ ಮತ್ತು ದೊಡ್ಡ ಮುರಿತಗಳನ್ನು ನೋಡುತ್ತದೆ, ಒಂದೇ ಜೀನ್‌ನ ಒಳಗಿನ ಅಕ್ಷರ ತಪ್ಪು ಅದಕ್ಕೆ ಕಾಣುವುದಿಲ್ಲ. ಅದಕ್ಕೆ ಆಯ್ದ ಕೆಲವು ಜೀನ್‌ಗಳನ್ನು ಓದುವ ಜೀನ್ ಪ್ಯಾನೆಲ್, ಅಥವಾ ಹೆಚ್ಚುಕಮ್ಮಿ ಎಲ್ಲ ಜೀನ್‌ಗಳ ಮುಖ್ಯ ಭಾಗವನ್ನು ಓದುವ ಎಕ್ಸೋಮ್ ಸೀಕ್ವೆನ್ಸಿಂಗ್ ಬೇಕು. ಅದರಲ್ಲೂ ಹಂಟಿಂಗ್ಟನ್, ಮಯೋಟಾನಿಕ್ ಡಿಸ್ಟ್ರಫಿಯಂಥ ತುಣುಕು ಉದ್ದವಾಗುವ ಕಾಯಿಲೆಗಳು ಮಾಮೂಲಿ ಎಕ್ಸೋಮ್‌ನಲ್ಲಿ ಸರಿಯಾಗಿ ಸಿಗುವುದಿಲ್ಲ, ಅವಕ್ಕೆ ಬೇರೆಯದೇ ಟೆಸ್ಟ್. ದುಬಾರಿ ಟೆಸ್ಟ್ ಎಲ್ಲವನ್ನೂ ಹೇಳುತ್ತದೆ ಅಂದುಕೊಳ್ಳಬೇಡಿ.

ರಿಪೋರ್ಟ್‌ನಲ್ಲಿ ವಿಯುಎಸ್ ಅಂತ ಬರೆದಿದ್ದರೆ, ಬದಲಾವಣೆ ಕಂಡಿದೆ ಆದರೆ ಅದು ಕೆಟ್ಟದ್ದೋ ಅಲ್ಲವೋ ಇನ್ನೂ ಹೇಳಲು ಬರುವುದಿಲ್ಲ ಅಂತ ಅರ್ಥ. ಅದರ ಮೇಲೆ ಆಪರೇಷನ್ ಆಗಲಿ, ಗರ್ಭದ ತೀರ್ಮಾನ ಆಗಲಿ ಮಾಡಬಾರದು. ವರ್ಷವೋ ಎರಡು ವರ್ಷವೋ ಬಿಟ್ಟು ಮತ್ತೆ ಕೇಳಿ, ಅಷ್ಟರಲ್ಲಿ ಉತ್ತರ ಬಂದಿರಬಹುದು.

ಮಕ್ಕಳಿಗೆ ಮಾಡಿಸಬೇಕಾ ಅನ್ನುವುದು ಕಾಯಿಲೆಯ ಮೇಲೆ ಹೋಗುತ್ತದೆ. ಈಗಲೇ ಏನಾದರೂ ಮಾಡಲು ಬರುವಂಥದ್ದಾದರೆ ತಡ ಮಾಡಬೇಡಿ. ಕೊಲೆಸ್ಟ್ರಾಲ್ ಕಾಯಿಲೆಗೆ ಸ್ಟ್ಯಾಟಿನ್ ಮಾತ್ರೆ ಇದೆ, ಮಗುವಿಗೆ ಎಂಟು ಹತ್ತು ವರ್ಷದ ಹೊತ್ತಿಗೆ ಶುರು ಮಾಡಬಹುದು, ಅಪ್ಪನ ಗತಿ ಮಗನಿಗೆ ಬಾರದಂತೆ ತಡೆಯಬಹುದು. ಮೈಯನ್ನು ಹಿಡಿದಿಡುವ ಅಂಗಾಂಶ ಸಡಿಲವಾಗುವ ಮಾರ್ಫನ್ ಕಾಯಿಲೆ ಇದ್ದರೆ ಹೃದಯದ ಎಕೋ ಮಾಡಿಸುತ್ತಾ ಮಹಾಪಧಮನಿ ಹಿಗ್ಗುತ್ತಿದೆಯಾ ಅಂತ ನೋಡುತ್ತಿರಬೇಕು. ಕಿಡ್ನಿಯಲ್ಲಿ ನೀರುಗುಳ್ಳೆ ತುಂಬುವ ಪಾಲಿಸಿಸ್ಟಿಕ್ ಕಾಯಿಲೆಯ ಮನೆತನದವರು ಚಿಕ್ಕವರಿದ್ದಾಗಿನಿಂದಲೇ ಬಿಪಿ ನೋಡಿಸಿಕೊಳ್ಳಬೇಕು. ಹಂಟಿಂಗ್ಟನ್ ಹಾಗಲ್ಲ. ತಡೆಯುವ ಔಷಧಿ ಇನ್ನೂ ಇಲ್ಲ. ಅದಕ್ಕೆ ಲಕ್ಷಣ ಇಲ್ಲದ ಮಕ್ಕಳಿಗೆ ಆ ಟೆಸ್ಟ್ ಮಾಡುವುದಿಲ್ಲ, 18 ತುಂಬಿದ ಮೇಲೆ ಅವರೇ ತೀರ್ಮಾನಿಸಬೇಕು. ತಿಳಿದುಕೊಳ್ಳುವುದೇ ಬೇಡ ಅನ್ನುವ ಹಕ್ಕೂ ಅವರದ್ದೇ. ಮದುವೆ ಮಾತುಕತೆ ಶುರುವಾಗಿದೆ ಅಂತ ಮಗಳನ್ನು ಒತ್ತಾಯದಿಂದ ಟೆಸ್ಟ್‌ಗೆ ಎಳೆದುಕೊಂಡು ಹೋಗಬೇಡಿ.

ಹೆಜ್ಜೆ 6: ಮಗು ಬೇಕು ಅನ್ನುವವರು

ಬಸಿರಾದ ಮೇಲೆ ಓಡುವುದಕ್ಕಿಂತ ಮೊದಲೇ ಹೋಗಿ. ಮನೆಯ ಬದಲಾವಣೆ ಯಾವುದು ಅಂತ ಮೊದಲೇ ಪತ್ತೆಯಾಗಿದ್ದರೆ 11ರಿಂದ 14 ವಾರದ ನಡುವೆ ಮಾಸಿನ ಚೂರು ತೆಗೆದು, ಅಥವಾ 15 ವಾರದ ನಂತರ ಗರ್ಭದ ನೀರು ತೆಗೆದು ನೋಡಬಹುದು. ಐವಿಎಫ್ ಮಾಡಿಸಿ, ಕೆಟ್ಟ ಪ್ರತಿ ಇಲ್ಲದ ಭ್ರೂಣವನ್ನೇ ಗರ್ಭಕ್ಕೆ ಸೇರಿಸುವ ದಾರಿಯೂ ಇದೆ, ಖರ್ಚು ಜಾಸ್ತಿ. 1994ರ ಪಿಸಿಪಿಎನ್‌ಡಿಟಿ ಕಾಯ್ದೆ ತಡೆಯುವುದು ಲಿಂಗ ಪತ್ತೆಯನ್ನು, ನೋಂದಣಿ ಇರುವ ಕೇಂದ್ರದಲ್ಲಿ ಆನುವಂಶಿಕ ಕಾಯಿಲೆ ಪತ್ತೆ ಮಾಡಿಸಲು ಅದರಲ್ಲಿ ಅವಕಾಶ ಇದೆ. ಏನೂ ಟೆಸ್ಟ್ ಬೇಡ, ಬಂದ ಮಗುವನ್ನು ಸಾಕುತ್ತೇವೆ ಅನ್ನುವ ದಂಪತಿಗಳೂ ಇದ್ದಾರೆ. ಅವರಿಗೂ ಅದೇ ಗೌರವ ಸಿಗಬೇಕು. ತೀರ್ಮಾನ ಅವರಿಬ್ಬರದು, ಅತ್ತೆ ಮಾವನದ್ದಲ್ಲ.

ಹೆಜ್ಜೆ 7: ಮನೆಯವರಿಗೆ ಹೇಳುವುದು

ನಿಮ್ಮಲ್ಲಿ ಸಿಕ್ಕಿದ್ದು ನಿಮ್ಮೊಬ್ಬರದ್ದಲ್ಲ. ಒಡಹುಟ್ಟಿದವರಿಗೆ 50%, ಅವರ ಮಕ್ಕಳಿಗೆ 25% ಸಾಧ್ಯತೆ ಇರಬಹುದು. ಫ್ಯಾಮಿಲಿ ವಾಟ್ಸಾಪ್ ಗ್ರೂಪ್‌ನಲ್ಲಿ ರಿಪೋರ್ಟ್ ಹಾಕುವುದು ಬೇಡ. ಒಬ್ಬೊಬ್ಬರಿಗೇ ಫೋನ್ ಮಾಡಿ, ಕಾಯಿಲೆಯ ಹೆಸರು ಹೇಳಿ, ಯಾವ ಡಾಕ್ಟರ್‌ಗೆ ತೋರಿಸಬೇಕು ಹೇಳಿ, ಬದಲಾವಣೆಯ ವಿವರ ಇರುವ ಪುಟವನ್ನು ಅವರಿಗೆ ಮಾತ್ರ ಕಳಿಸಿ. ಕೇಳಿದವರು ಸಿಟ್ಟಾಗಬಹುದು, "ನಮ್ಮ ಮನೆಗೆ ಯಾಕೆ ಕೆಟ್ಟ ಹೆಸರು ತರುತ್ತೀಯಾ" ಅನ್ನಬಹುದು. ಆದರೂ ಹೇಳಿ. ತಡೆಯಬಹುದಾದ ಹಾರ್ಟ್ ಅಟ್ಯಾಕ್ ಒಂದನ್ನು ಮಾನದ ಹೆಸರಲ್ಲಿ ಬಿಟ್ಟುಬಿಡಲು ಆಗುವುದಿಲ್ಲ, ಅಲ್ವಾ?

ಇನ್ಶೂರೆನ್ಸ್ ಬಗ್ಗೆ ಒಂದು ಮಾತು. ಆನುವಂಶಿಕವಾಗಿ ಬರುವ ಹೃದಯದ ಸ್ನಾಯು ಕಾಯಿಲೆ ಇದ್ದ ಒಬ್ಬರ ಕ್ಲೇಮ್ ತಿರಸ್ಕಾರವಾಗಿದ್ದ ಕೇಸಿನಲ್ಲಿ, ಜೆನೆಟಿಕ್ ಕಾಯಿಲೆ ಅಂತ ಸಾರಾಸಗಟಾಗಿ ಹೊರಗಿಡುವ ಷರತ್ತು ಸಲ್ಲದು ಅಂತ ದೆಹಲಿ ಹೈಕೋರ್ಟ್ 2018ರಲ್ಲಿ ತೀರ್ಪು ಕೊಟ್ಟಿತು. ಹಾಗಂತ ಅರ್ಜಿಯಲ್ಲಿ ಏನನ್ನೂ ಮುಚ್ಚಿಡಬೇಡಿ, ಗೊತ್ತಿರುವ ಕಾಯಿಲೆಯನ್ನು ಬರೆಯಿರಿ. ಅಮೆರಿಕದಲ್ಲಿರುವ ನಮ್ಮವರಿಗೆ 2008ರ ಜೀನಾ ಕಾನೂನು ಹೆಲ್ತ್ ಇನ್ಶೂರೆನ್ಸ್ ಮತ್ತು ಕೆಲಸದ ವಿಷಯದಲ್ಲಿ ರಕ್ಷಣೆ ಕೊಡುತ್ತದೆ, ಲೈಫ್ ಇನ್ಶೂರೆನ್ಸ್‌ಗೆ ಕೊಡುವುದಿಲ್ಲ. ಅಲ್ಲಿ ಟೆಸ್ಟ್‌ಗೆ ಮೊದಲೇ ಅದನ್ನು ಯೋಚಿಸಿ.

ಎಲ್ಲಿಗೆ ಹೋಗುವುದು, ಏನು ಒಯ್ಯುವುದು

ಬೆಂಗಳೂರಿನಲ್ಲಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಇದೆ. ನರ, ಮಿದುಳು, ಸ್ನಾಯುವಿನ ತೊಂದರೆಗೆ ನಿಮ್ಹಾನ್ಸ್. ಕ್ಯಾನ್ಸರ್ ಮನೆತನದಲ್ಲಿ ಇದ್ದರೆ ಕಿದ್ವಾಯಿ. ಕರಾವಳಿ ಮತ್ತು ಮಲೆನಾಡಿನ ಕಡೆಯವರಿಗೆ ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ಮೆಡಿಕಲ್ ಜೆನೆಟಿಕ್ಸ್ ವಿಭಾಗ ಹತ್ತಿರ. ಬೇರೆ ಊರಿನವರು ಮೊದಲು ನಿಮ್ಮ ಜಿಲ್ಲಾಸ್ಪತ್ರೆ ಅಥವಾ ಹತ್ತಿರದ ಮೆಡಿಕಲ್ ಕಾಲೇಜಿನಲ್ಲಿ ತೋರಿಸಿ ಒಂದು ರೆಫರಲ್ ಚೀಟಿ ಬರೆಸಿಕೊಳ್ಳಿ. ಹೊರಡುವ ಮೊದಲು ಫೋನ್ ಮಾಡಿ ಜೆನೆಟಿಕ್ ಒಪಿಡಿ ಯಾವ ದಿನ ಅಂತ ಕೇಳಿಕೊಳ್ಳಿ.

ಹೋಗುವಾಗ ಆ ವಂಶದ ನಕ್ಷೆ, ತೀರಿಹೋದವರ ಹಳೆಯ ಡಿಸ್ಚಾರ್ಜ್ ಸಮ್ಮರಿ, ಎಕ್ಸ್‌ರೇ, ಎಕೋ ಏನಿದ್ದರೂ ತೆಗೆದುಕೊಂಡು ಹೋಗಿ. ಅಣ್ಣ ನಡೆಯುವ ರೀತಿ, ಅಮ್ಮನ ಕೈ ಬಿಗಿಯುವ ರೀತಿ ಮೊಬೈಲ್‌ನಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ. ಆದರೆ ಕಾಯಿಲೆ ಇರುವವರನ್ನೇ ಕರೆದುಕೊಂಡು ಹೋಗುವುದು ಎಲ್ಲಕ್ಕಿಂತ ಒಳ್ಳೆಯದು. ಕೇಳಬೇಕಾದ ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ, ಯಾಕೆಂದರೆ ಒಳಗೆ ಕೂತ ಮೇಲೆ ಅರ್ಧ ಮರೆತುಹೋಗುತ್ತದೆ. ನಮ್ಮದು ಪ್ರಬಲವಾ ಅಲ್ಲವಾ, ಯಾರಿಗೆ ಮೊದಲು ಟೆಸ್ಟ್, ರಿಪೋರ್ಟ್ ಹೇಗೆ ಬಂದರೂ ಅದರಿಂದ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ, ಈ ವರ್ಷದಿಂದಲೇ ಯಾವ ತಪಾಸಣೆ ಶುರು ಮಾಡಬೇಕು. ಡಾಕ್ಟರ್ ಹೇಳಿದ್ದು ಅರ್ಥವಾಗದಿದ್ದರೆ ಕನ್ನಡದಲ್ಲಿ ಇನ್ನೊಂದು ಸಲ ಹೇಳಿ ಅಂತ ಕೇಳಿ. ರಕ್ತ ಕೊಟ್ಟು ಬರುವಾಗ ರಿಪೋರ್ಟ್ ಯಾವಾಗ ಬರುತ್ತದೆ, ಅದನ್ನು ಕೂತು ವಿವರಿಸುವವರು ಯಾರು ಅಂತ ಕೇಳಿ, ಆ ದಿನದ ಅಪಾಯಿಂಟ್‌ಮೆಂಟ್ ಅವತ್ತೇ ಬರೆಸಿಕೊಂಡು ಬನ್ನಿ.